ಅಪ್ಪನ ಮುಖದ ಮೇಲಿನ ಮೂವತ್ತೈದು ಚೌಕಗಳು

ನಮ್ಮೂರ ಮನೆಯ ನಡುಮನೆಯಲ್ಲಿ ಅಪ್ಪನದೊಂದು ಫೋಟೋ ಇದೆ. ಹನ್ನೆರಡು ಇಂಚು ಅಗಲ, ಹದಿನೈದು ಇಂಚು ಎತ್ತರ. ಅಡಿಕೆ ಒಣಗಲು ಹಾಕಿದ ಅಂಗಳದಲ್ಲಿ ನಿಂತು ಅಪ್ಪ ನಗುತ್ತಿದ್ದಾನೆ. ಕ್ಯಾಮೆರಾ ಕಂಡರೆ ಮುಖ ಬಿಗಿದುಕೊಳ್ಳುತ್ತಿದ್ದ ಮನುಷ್ಯ ಅವನು. ನಕ್ಕಿದ್ದು ಇದೊಂದರಲ್ಲೇ. ಆದರೆ ಹತ್ತಿರ ಹೋಗಿ ನೋಡಿದರೆ ಅಲ್ಲಿ ಅಪ್ಪ ಇಲ್ಲ, ಚೌಕಗಳಿವೆ. ಒಂದೊಂದೂ ಸುಮಾರು ಒಂದು ಇಂಚು. ನಾನು ಎಣಿಸಿದ್ದೇನೆ. ಮುಖದ ಅಗಲಕ್ಕೆ ಐದು, ಎತ್ತರಕ್ಕೆ ಏಳು. ಒಟ್ಟು ಮೂವತ್ತೈದು.

ಈ ಚೌಕಗಳನ್ನು ಅಲ್ಲಿ ಕೂರಿಸಿದವನು ನಾನೇ. ಅದರ ಕಥೆ ಹೇಳುತ್ತೇನೆ. ಹೇಳುತ್ತಾ ಹೋದರೆ ಅದು ಬೆಂಗಳೂರಿನ ಕೆ.ಆರ್. ಸರ್ಕಲ್ಲಿನವರೆಗೂ ಹೋಗುತ್ತದೆ, ಸ್ವಲ್ಪ ತಾಳ್ಮೆ ಇರಲಿ :-)

2003ರ ದೀಪಾವಳಿ. ಭಾವ ಎಲ್ಲಿಂದಲೋ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದ. 3.2 ಮೆಗಾಪಿಕ್ಸೆಲ್! ನಮ್ಮ ಕೇರಿಗೆ ಅದೇ ಮೊದಲು. ದಿನವಿಡೀ ಸಿಕ್ಕಿದ್ದೆಲ್ಲ ಕ್ಲಿಕ್ಕಿಸಿ, ಚೆನ್ನಾಗಿ ಬಂದ ಇಪ್ಪತ್ತೆರಡು ಫೋಟೋ ಆರಿಸಿದೆವು. ಅಮೆರಿಕದಲ್ಲಿದ್ದ ಅಕ್ಕನಿಗೆ ಆ ವರ್ಷ ಹಬ್ಬಕ್ಕೆ ಬರಲಾಗಿರಲಿಲ್ಲ. ಅವಳಿಗೆ ಕಳಿಸಬೇಕು. ಮನೆಯಲ್ಲಿ ಕಂಪ್ಯೂಟರ್ ಇತ್ತು, ಡಯಲ್-ಅಪ್ ಇಂಟರ್ನೆಟ್ ಕೂಡ ಇತ್ತು. ಆ ಕಿರ್ರ್... ಕೊಂಯ್ಯ್... ಶಬ್ದ ನೆನಪಿದೆಯಲ್ಲ? ಅದೇ.

ಲೆಕ್ಕ ಹಾಕಿ ನೋಡಿ. ಒಂದೊಂದು ಫೋಟೋ ಸುಮಾರು 1.2 ಎಂಬಿ. ಇಪ್ಪತ್ತೆರಡಕ್ಕೆ ಇಪ್ಪತ್ತಾರು ಎಂಬಿ ಚಿಲ್ಲರೆ. ನಮ್ಮ ಮೋಡೆಮ್ಮು ಮೇಲಕ್ಕೆ ಕಳಿಸುವ ವೇಗ ಸೆಕೆಂಡಿಗೆ ಹೆಚ್ಚೆಂದರೆ 33.6 ಕಿಲೋಬಿಟ್. ಲೈನು ಒಮ್ಮೆಯೂ ಕಡಿಯದಿದ್ದರೆ ಹತ್ತಿರ ಹತ್ತಿರ ಎರಡು ಗಂಟೆಯಾದರೂ ಬೇಕು. ನಮ್ಮೂರ ಲೈನು ಒಮ್ಮೆಯೂ ಕಡಿಯದಿರುವುದೇ! ಇಷ್ಟಾದ ಮೇಲೆ ಅಕ್ಕನ ಉಚಿತ ಅಂಚೆಪೆಟ್ಟಿಗೆಯಲ್ಲಿದ್ದ ಜಾಗ ಒಟ್ಟು ನಾಲ್ಕೇ ಎಂಬಿ.

ಹಾಗಾಗಿ ನಾನು ಫೋಟೋಗಳನ್ನು ಕುಗ್ಗಿಸಿದೆ. 2048ಕ್ಕೆ 1536 ಚುಕ್ಕಿ ಇದ್ದದ್ದನ್ನು 400ಕ್ಕೆ 300 ಮಾಡಿದೆ. ಕೊನೆಗೆ ಗುಣಮಟ್ಟ ಎಷ್ಟಿರಲಿ ಅಂತ ಕೇಳುವ ಒಂದು ಪಟ್ಟಿ ಬಂತು. ಅದನ್ನು ಎಡಕ್ಕೆ ಎಳೆದೆ, ಇನ್ನೂ ಎಡಕ್ಕೆ ಎಳೆದೆ. ಫೋಟೋ ಒಂದಕ್ಕೆ 9 ಕೆಬಿ ಆಯಿತು. ಇಪ್ಪತ್ತೆರಡೂ ಸೇರಿ 200 ಕೆಬಿ ಸಮ. ಒಂದೂವರೆ ನಿಮಿಷದೊಳಗೆ ಎಲ್ಲ ಹೋಯಿತು. ಅಕ್ಕ ಮರುದಿನ ಫೋನು ಮಾಡಿ ಅತ್ತಳು, ನಾನು ಬೀಗಿದೆ. ಮೂಲ ಫೋಟೋಗಳನ್ನು ಒಂದು ಸಿಡಿಗೆ ಹಾಕಿ, ಮೇಲೆ ಮಾರ್ಕರ್ ಪೆನ್ನಿನಲ್ಲಿ ದೀಪಾವಳಿ ಅಂತ ಬರೆದು ಕಪಾಟಿನಲ್ಲಿಟ್ಟೆ.

2012ರಲ್ಲಿ ಅಪ್ಪ ಹೋದ. ವೈಕುಂಠ ಸಮಾರಾಧನೆಗೆ ಫೋಟೋ ಬೇಕಿತ್ತು. ಅಮ್ಮ ಹೇಳಿದ್ದು ಒಂದೇ ಮಾತು, 'ಆ ನಗಾಡೋ ಫೋಟೋ ಇಡ್ಸಾ'. ಸಿಡಿ ತೆಗೆದೆ. ಮಲೆನಾಡಿನ ಒಂಬತ್ತು ಮಳೆಗಾಲ ಕಂಡಿದ್ದ ಸಿಡಿ. ಹೊಳೆಯುವ ಪದರ ಅಂಚಿನಿಂದ ಎದ್ದಿತ್ತು. ಮೂರು ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ, ತಿರುಗಿ ತಿರುಗಿ ಹೊರಗೆ ಬಂತು. ಹಳೇ ಕಂಪ್ಯೂಟರು ಎಂದೋ ಗುಜರಿಗೆ ಹೋಗಿತ್ತು. ಕೊನೆಗೆ ಅಕ್ಕ ತನ್ನ ಹಳೇ ಮಿಂಚಂಚೆಗಳಲ್ಲಿ ಹುಡುಕಿ ಆ 9 ಕೆಬಿಯ ಫೋಟೋ ಕಳಿಸಿದಳು. ಅದರಲ್ಲಿ ಅಪ್ಪನ ಮುಖದ ಅಗಲ ಬರೀ ನಲವತ್ತು ಚುಕ್ಕಿ! ಸ್ಟುಡಿಯೋದವ ದೊಡ್ಡದು ಮಾಡಿ ತೋರಿಸಿ, 'ಇದ್ರಲ್ಲಿ ಎಂತದೂ ಇಲ್ಲ ಮಾರಾಯ್ರೇ, ಬರೀ ಚೌಕ' ಅಂದ. ನುಣುಪು ಮಾಡಿ ಕೊಡ್ತೇನೆ ಅಂತ ಒಂದು ಸಲ ಮಾಡಿದ. ಅಪ್ಪ ಅಂಗಡಿಯ ಗೊಂಬೆಯ ಹಾಗೆ ಕಂಡ. ಬೇಡ, ಚೌಕವೇ ಇರಲಿ ಅಂದೆ.

ಆಗ ಈ ಚೌಕಗಳ ಬಗ್ಗೆ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯೋಚಿಸಿದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ಅಕ್ಕನ ಜೊತೆ ವೀಡಿಯೋದಲ್ಲಿ ಮಾತಾಡುತ್ತಿದ್ದಾಗ ನೆಟ್ಟು ಕೈಕೊಟ್ಟಿತು. ಅವಳ ಮುಖ ಪರದೆಯ ಮೇಲೆ ಒಡೆದು ಚೌಕ ಚೌಕವಾಯಿತು. ಎಲ್ಲೋ ನೋಡಿದ್ದೇನಲ್ಲ ಇದನ್ನು ಅನ್ನಿಸಿತು. ಫೋಟೋ ಒಡೆದರೂ ಚೌಕ, ವೀಡಿಯೋ ಒಡೆದರೂ ಚೌಕ. ಯಾಕೆ ಚೌಕವೇ? ಅಲ್ಲಿಂದ ಹುಡುಕಲು ಶುರು ಮಾಡಿದೆ. ಸಿಕ್ಕಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ.

ಕಡತಗಳನ್ನು ಕುಗ್ಗಿಸಲು ಎರಡು ದಾರಿ. ಒಂದು, ಏನನ್ನೂ ಕಳೆಯದೆ ಕುಗ್ಗಿಸುವುದು. ಇನ್ನೊಂದು, ಕಳೆದು ಕುಗ್ಗಿಸುವುದು.

ಮೊದಲ ದಾರಿಯ ತತ್ವ ನಮ್ಮ ಮನೆಗಳಲ್ಲೇ ಇದೆ. ದಿನಕ್ಕೆ ನೂರು ಸಲ ಕರೆಯುವ ಹೆಸರು ತಾನಾಗಿ ಚಿಕ್ಕದಾಗುತ್ತದೆ, ಪುಟ್ಟ, ಅಪ್ಪಿ, ಚಿನ್ನು ಅಂತ. ಮದುವೆ ಪತ್ರಿಕೆಗೆ ಮಾತ್ರ ಬೇಕಾಗುವ ಹೆಸರು ಉದ್ದ ಇದ್ದರೂ ನಡೆಯುತ್ತದೆ. ಹೆಚ್ಚು ಬರುವುದಕ್ಕೆ ಗಿಡ್ಡ ಸಂಕೇತ, ಅಪರೂಪಕ್ಕೆ ಬರುವುದಕ್ಕೆ ಉದ್ದ ಸಂಕೇತ. ಅಳತೆಗೆ ಮಿತಿ ಎಲ್ಲಿ ಅಂತ 1948ರಲ್ಲಿ ಕ್ಲಾಡ್ ಶ್ಯಾನನ್ ಹೇಳಿದ್ದ. ಸಂಕೇತಗಳನ್ನು ಅತ್ಯಂತ ಮಿತವಾಗಿ ಹಂಚುವುದು ಹೇಗೆ ಅಂತ ಕಂಡುಹಿಡಿದವನು ಡೇವಿಡ್ ಹಫ್‌ಮನ್ ಎಂಬ ವಿದ್ಯಾರ್ಥಿ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅವನ ಮೇಷ್ಟ್ರು ರಾಬರ್ಟ್ ಫ್ಯಾನೋ, ಪರೀಕ್ಷೆ ಬರೆಯಿರಿ ಇಲ್ಲವೇ ಒಂದು ಪ್ರಬಂಧ ಬರೆಯಿರಿ ಅಂದರಂತೆ. ಪರೀಕ್ಷೆ ತಪ್ಪಿಸಿಕೊಳ್ಳಲು ಹೋಗಿ ಹಫ್‌ಮನ್ ಮೇಷ್ಟ್ರಿಗೇ ಬಗೆಹರಿಯದ ಲೆಕ್ಕ ಬಿಡಿಸಿದ. 1952ರಲ್ಲಿ ಅದು ಪ್ರಕಟವಾಯಿತು. ಜಿಪ್ ಕಡತದ ಒಳಗೂ ಅದೇ ಇದೆ, ಜೆಪೆಗ್ ಫೋಟೋದ ಒಳಗೂ ಅದೇ ಇದೆ. (ಪರೀಕ್ಷೆಗೆ ಹೆದರುವ ಮಕ್ಕಳಿಗೆ ಈ ಕಥೆ ಹೇಳಬೇಡಿ!)

ಆದರೆ ಈ ದಾರಿಯಲ್ಲಿ ಫೋಟೋ ಸಾಮಾನ್ಯವಾಗಿ ಅರ್ಧದಷ್ಟಕ್ಕೆ ಇಳಿದರೆ ಹೆಚ್ಚು. ಬರಹದಲ್ಲಿ ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಫೋಟೋದಲ್ಲಿ ಪಕ್ಕಪಕ್ಕದ ಎರಡು ಚುಕ್ಕಿ ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ, ಆದರೆ ಪೂರಾ ಒಂದೇ ಅಲ್ಲ. ಆ 'ಹೆಚ್ಚೂಕಡಿಮೆ'ಯನ್ನು ಹಿಡಿಯುವುದೇ ಕಷ್ಟ.

ಅದನ್ನು ಹಿಡಿದವರ ಹೆಸರು ನಾಸಿರ್ ಅಹ್ಮದ್. ಹುಟ್ಟಿದ್ದು 1940ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಓದಿದ್ದು ಇವತ್ತು ನಾವು ಯುವಿಸಿಇ ಅಂತ ಕರೆಯುವ, ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಕೆ.ಆರ್. ಸರ್ಕಲ್ಲಿನ ಆ ಇಂಜಿನಿಯರಿಂಗ್ ಕಾಲೇಜಿನಲ್ಲಿ. 1961ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ 1966ಕ್ಕೆ ಡಾಕ್ಟರೇಟ್, 1968ರಿಂದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ಕೂತೆ. ಆ ಕಾಲೇಜಿನ ಮುಂದೆ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ ಎಷ್ಟು ಸಾವಿರ ಸಲ ಆ ಕಟ್ಟಡ ನೋಡಿದ್ದೇನೋ. ಒಮ್ಮೆಯೂ ಯಾರೂ ಈ ಹೆಸರು ಹೇಳಿರಲಿಲ್ಲ.

ಅವರು ಮಾಡಿದ್ದು ಏನು? ನನಗೆ ಅರ್ಥವಾಗಿದ್ದು ಮೊರದ ಲೆಕ್ಕದಲ್ಲಿ. ಅಮ್ಮ ಮೊರದಲ್ಲಿ ಅಕ್ಕಿ ಕೇರುವುದನ್ನು ನೋಡಿರುತ್ತೀರಿ. ಕೇರುತ್ತಾ ಕೇರುತ್ತಾ ಗಟ್ಟಿ ಕಾಳು ಹಿಂದಕ್ಕೆ, ಜೊಳ್ಳು ಮುಂದಕ್ಕೆ ಬಂದು ಬೇರೆ ಬೇರೆ ಆಗುತ್ತವೆ. ಇನ್ನೂ ಒಂದು ಕಾಳನ್ನೂ ಚೆಲ್ಲಿಲ್ಲ, ಬರೀ ಬೇರ್ಪಡಿಸಿದ್ದು. ನಾಸಿರ್ ಅಹ್ಮದರ ಲೆಕ್ಕವೂ ಅಷ್ಟೇ. ಫೋಟೋದ ಒಂದು ಸಣ್ಣ ಚೌಕ ತೆಗೆದುಕೊಳ್ಳಿ, ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ, ಒಟ್ಟು 64 ಚುಕ್ಕಿ. ಈ 64 ಸಂಖ್ಯೆಗಳನ್ನು ಬೇರೆ 64 ಸಂಖ್ಯೆಗಳಾಗಿ ಬದಲಿಸಬಹುದು. ಮೊದಲನೆಯದು ಆ ಚೌಕದ ಒಟ್ಟಾರೆ ಬೆಳಕು. ಆಮೇಲಿನವು ನಿಧಾನವಾಗಿ ಬದಲಾಗುವ ನೆರಳು. ಕೊನೆಕೊನೆಯವು ಕೂದಲೆಳೆ, ಬಟ್ಟೆಯ ನೂಲು, ಮುಖದ ಸುಕ್ಕಿನಂಥ ಸೂಕ್ಷ್ಮ. ಹೀಗೆ ಜೋಡಿಸಿದ ಮೇಲೆ ಫೋಟೋದ ತಿರುಳೆಲ್ಲ ಮೊದಲ ಕೆಲವು ಸಂಖ್ಯೆಗಳಿಗೆ ಬಂದು ಸೇರುತ್ತದೆ, ಉಳಿದವು ಸೊನ್ನೆಯ ಹತ್ತಿರ ಇರುತ್ತವೆ. ಮತ್ತೆ ತಿರುಗಿಸಿದರೆ ಹಳೆಯ 64 ಚುಕ್ಕಿ ವಾಪಸ್ಸು. ಇದಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು, ಚಿಕ್ಕದಾಗಿ ಡಿಸಿಟಿ. (ಹೆಚ್ಚು ಬಳಸುವ ಹೆಸರು ಗಿಡ್ಡ, ಹಫ್‌ಮನ್ ಹೇಳಿದ ಹಾಗೆ.)

ಇದಕ್ಕಿಂತ ಮೊದಲೂ ಇಂಥ ಲೆಕ್ಕಗಳಿದ್ದವು. ಕಾರುನೆನ್-ಲೊಯೆವ್ ಎಂಬುದು ಎಲ್ಲಕ್ಕಿಂತ ಉತ್ತಮ ಅಂತ ಸಿದ್ಧವಾಗಿತ್ತು, ಆದರೆ ಪ್ರತಿ ಬಗೆಯ ಚಿತ್ರಕ್ಕೂ ಹೊಸದಾಗಿ ಮೊರ ಹೆಣೆದುಕೊಂಡು ಕೂರಬೇಕು. ಫೂರಿಯೆ ಲೆಕ್ಕ ಬೇಗ ಆಗುತ್ತದೆ, ಆದರೆ ಅದು ಚೌಕದ ಬಲ ಅಂಚು ಮುಗಿದ ಕೂಡಲೇ ಮತ್ತೆ ಎಡ ಅಂಚು ಶುರುವಾಗುತ್ತದೆ ಎಂದು ಭಾವಿಸುತ್ತದೆ. ಅಲ್ಲಿ ಇಲ್ಲದ ಒಂದು ಜಿಗಿತ ಹುಟ್ಟಿಕೊಳ್ಳುತ್ತದೆ. ಕೊಸೈನ್ ಲೆಕ್ಕದಲ್ಲಿ ಅಂಚಿಗೆ ಕನ್ನಡಿ ಇಟ್ಟಂತೆ, ಜಿಗಿತವಿಲ್ಲ. ಒಂದೇ ಮೊರ ಎಲ್ಲ ಚಿತ್ರಕ್ಕೂ ಸಾಕು, ಫಲಿತಾಂಶ ಮಾತ್ರ ಆ ಅತ್ಯುತ್ತಮಕ್ಕೆ ತೀರಾ ಸಮೀಪ.

1972ರಲ್ಲಿ ನಾಸಿರ್ ಅಹ್ಮದ್ ಈ ಯೋಚನೆಗೆ ಧನಸಹಾಯ ಕೇಳಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಸಿಗಲಿಲ್ಲ. ಇದು ತೀರಾ ಸರಳವಾಯಿತು ಎನ್ನುವ ಅರ್ಥದ ಒಂದು ಅಭಿಪ್ರಾಯ ಬಂದಿತ್ತು ಅಂತ 1991ರಲ್ಲಿ ಅವರೇ ನೆನಪಿಸಿಕೊಂಡು ಬರೆದಿದ್ದಾರೆ. ದುಡ್ಡಿಲ್ಲದಿದ್ದರೂ 1973ರ ಬೇಸಿಗೆ ಪೂರ್ತಿ ಅದಕ್ಕೇ ಕೂತರು. ಜೊತೆಗೆ ಅವರ ಶಿಷ್ಯ ಟಿ. ನಟರಾಜನ್, ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿದ್ದ ಸ್ನೇಹಿತ ಕೆ.ಆರ್. ರಾವ್. 1974ರ ಜನವರಿಯಲ್ಲಿ ಮೂವರ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು. ಎಷ್ಟು ಪುಟ ಗೊತ್ತೇ? ನಾಲ್ಕು. ನಮ್ಮ ಹೈಸ್ಕೂಲಿನ ಪ್ರಬಂಧ ಇದಕ್ಕಿಂತ ಉದ್ದ ಇರುತ್ತಿತ್ತು.

ಹಾಗಂತ ಮರುದಿನವೇ ಜಗತ್ತು ಬದಲಾಗಲಿಲ್ಲ. 1986ರಲ್ಲಿ ಫೋಟೋಗಳಿಗೆ ಒಂದು ಸಾಮಾನ್ಯ ಪದ್ಧತಿ ಮಾಡಲು ಹಲವು ದೇಶಗಳ ತಜ್ಞರ ತಂಡ ಸೇರಿತು. ಅದರ ಹೆಸರೇ ಜೆಪೆಗ್. ಅವರ ಕಣ್ಣಮುಂದೆ ಇದ್ದದ್ದು ಸೆಕೆಂಡಿಗೆ 64 ಕಿಲೋಬಿಟ್ ಸಾಗಿಸುವ ಐಎಸ್‌ಡಿಎನ್ ಟೆಲಿಫೋನ್ ತಂತಿ. ಅದರಲ್ಲಿ ಫೋಟೋ ಹೋಗಬೇಕು. ಹನ್ನೆರಡು ಪದ್ಧತಿಗಳು ಸ್ಪರ್ಧೆಗೆ ಬಂದವು, ಮೂರು ಉಳಿದವು, 1988ರ ಜನವರಿಯಲ್ಲಿ ಕೋಪನ್‌ಹೇಗನ್‌ನಲ್ಲಿ ಡಿಸಿಟಿ ಗೆದ್ದಿತು. 1992ರಲ್ಲಿ ಜೆಪೆಗ್ ಮಾನಕವಾಯಿತು. ಅಂದರೆ ನಮ್ಮೂರ ಡಯಲ್-ಅಪ್ಪಿನಲ್ಲಿ ನಾನು ಪಟ್ಟ ಕಷ್ಟವನ್ನು ಅವರು ಹದಿನೈದು ವರ್ಷ ಮೊದಲೇ ಊಹಿಸಿ ಕೂತಿದ್ದರು.

ಜೆಪೆಗ್ ಮಾಡುವುದು ಇಷ್ಟು. ಫೋಟೋವನ್ನು ಎಂಟೆಂಟರ ಚೌಕಗಳಾಗಿ ಕತ್ತರಿಸುತ್ತದೆ. (ಸಿಕ್ಕಿತಲ್ಲ ಚೌಕ!) ಪ್ರತಿ ಚೌಕವನ್ನೂ ಡಿಸಿಟಿಯ ಮೊರದಲ್ಲಿ ಕೇರುತ್ತದೆ. ಆಮೇಲೆ ಚೆಲ್ಲುವ ಕೆಲಸ. ಪ್ರತಿ ಸಂಖ್ಯೆಯನ್ನೂ ಒಂದು ಅಳತೆಯಿಂದ ಭಾಗಿಸಿ, ಉಳಿದ ಚಿಲ್ಲರೆ ಬಿಡುತ್ತದೆ. ಸೂಕ್ಷ್ಮ ವಿವರಗಳಿಗೆ ದೊಡ್ಡ ಅಳತೆ, ಹಾಗಾಗಿ ಅವು ಹೆಚ್ಚಿನವು ಸೊನ್ನೆಯಾಗುತ್ತವೆ. ಸೊನ್ನೆಗಳ ಸಾಲನ್ನು 'ಇಷ್ಟು ಸೊನ್ನೆ' ಅಂತ ಬರೆದು, ಕೊನೆಗೆ ಹಫ್‌ಮನ್ ಸಂಕೇತ ಹಾಕಿ ಮುಗಿಸುತ್ತದೆ. ನಮ್ಮ ಕಣ್ಣಿಗೆ ಬೆಳಕು ನೆರಳು ಕಾಣುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ, ಸಾಮಾನ್ಯವಾಗಿ ಬಣ್ಣವನ್ನು ಇನ್ನೂ ದೊಡ್ಡ ಚೌಕಕ್ಕೆ ಒಂದರಂತೆ ಹಂಚುತ್ತಾರೆ. ಗುಣಮಟ್ಟದ ಪಟ್ಟಿಯನ್ನು ನಾನು ಎಡಕ್ಕೆ ಎಳೆದಾಗ ಆಗಿದ್ದು, ಆ ಭಾಗಿಸುವ ಅಳತೆ ದೊಡ್ಡದಾಗಿದ್ದು. ಎಳೆಯುತ್ತಾ ಹೋದರೆ ಕೊನೆಗೆ ಪ್ರತಿ ಚೌಕದಲ್ಲೂ ಅದರ ಒಟ್ಟಾರೆ ಬೆಳಕು, ಒಂದೆರಡು ನೆರಳು ಮಾತ್ರ ಉಳಿಯುತ್ತದೆ. ಪಕ್ಕದ ಚೌಕದ ಜೊತೆ ಅಂಚು ಕೂಡುವುದಿಲ್ಲ. ಅಪ್ಪನ ಕೆನ್ನೆಯ ಮೇಲಿರುವ ಗೆರೆಗಳು ಆ ಅಂಚುಗಳೇ.

ಇದು ಫೋಟೋಕ್ಕೆ ನಿಲ್ಲಲಿಲ್ಲ. ಅದೇ 1988ರಲ್ಲಿ ಬಂದ, ವೀಡಿಯೋ ಮಾತುಕತೆಗೆಂದು ಮಾಡಿದ ಎಚ್.261 ಪದ್ಧತಿಯಲ್ಲಿ ಡಿಸಿಟಿ ಇತ್ತು. ವಿಸಿಡಿಯ ಎಂಪೆಗ್‌ನಲ್ಲೂ ಅದೇ, 2003ರ ಎಚ್.264ರಲ್ಲೂ ಅದೇ ವಂಶ. ಹಾಡಿಗೂ ಬಂತು. ಸಿಡಿಯಲ್ಲಿ ಹಾಡು ಸೆಕೆಂಡಿಗೆ 1411 ಕಿಲೋಬಿಟ್ ತಿನ್ನುತ್ತದೆ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು, ದೊಡ್ಡ ಸದ್ದಿನ ಪಕ್ಕ ಮರೆಯಾಗುವ ಸಣ್ಣ ಸದ್ದನ್ನು ಕೈಬಿಟ್ಟು ಅದನ್ನು 128ಕ್ಕೆ ಇಳಿಸಿದರು, ಹನ್ನೊಂದರಲ್ಲಿ ಒಂದು ಪಾಲು. ಅದರೊಳಗಿರುವುದೂ ಡಿಸಿಟಿಯ ಮಗಳೇ. 1995ರ ಜುಲೈ 14ರಂದು ಆ ಕಡತಗಳಿಗೆ ಎಂಪಿ3 ಎಂಬ ಬಾಲಂಗೋಚಿ ಗೊತ್ತು ಮಾಡಿದರು. ಅದರ ಮುಂದಿನ ತಿಂಗಳು, ಆಗಸ್ಟ್ 15ಕ್ಕೆ, ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂತು. ಡಾ. ರಾಜ್ ಹಾಡುಗಳ ಒಂದು ಸಿಡಿಯಲ್ಲಿ ನೂರೈವತ್ತು ಹಾಡು ತುಂಬಿಸಿಕೊಂಡು ಓಡಾಡಿದ ಕಾಲ ನಮ್ಮೆಲ್ಲರದೂ ಹೌದು.

2021ರಲ್ಲಿ ಅಮೆರಿಕದ 'ದಿಸ್ ಈಸ್ ಅಸ್' ಎಂಬ ಟಿವಿ ಧಾರಾವಾಹಿಯ ಒಂದು ಕಂತಿನಲ್ಲಿ ನಾಸಿರ್ ಅಹ್ಮದ್ ಮತ್ತು ಅವರ ಪತ್ನಿ ಎಸ್ತರ್ ಕಥೆಯಾಗಿ ಬಂದರು. ಕೊರೋನಾ ಕಾಲದಲ್ಲಿ ಮನೆಮಂದಿ ಪರದೆಯ ಮೇಲೆ ಮುಖ ನೋಡಲು ಸಾಧ್ಯವಾಗಿದ್ದು ಯಾರಿಂದ ಅಂತ. ಕೆ.ಆರ್. ರಾವ್ ತೀರಿಕೊಂಡಿದ್ದು ಅದೇ ವರ್ಷ. ಅಮೆರಿಕದ ಧಾರಾವಾಹಿಗೆ ಹೊಳೆದದ್ದು ನಮಗೆ ಹೊಳೆದಿರಲಿಲ್ಲವಲ್ಲ ಅಂತ ಬೇಸರವಾಯಿತು. ಯಾರನ್ನು ದೂರಲಿ, ನನಗೂ ಗೊತ್ತಿರಲಿಲ್ಲ.

ಈಗ ನನ್ನ ಲೆಕ್ಕ ಚುಕ್ತಾ ಮಾಡಬೇಕು. ಮೊದಮೊದಲು ಎಲ್ಲ ಓದಿದಾಗ, ಓಹೋ, ಅಪ್ಪನ ಮುಖ ಕೆಡಿಸಿದ್ದು ಈ ಜೆಪೆಗ್ಗು ಅನ್ನಿಸಿತ್ತು. ಕೂತು ಲೆಕ್ಕ ಹಾಕಿದೆ. ಕ್ಯಾಮೆರಾ ಹಿಡಿದದ್ದು ಮೂವತ್ತೊಂದು ಲಕ್ಷ ನಲವತ್ತೈದು ಸಾವಿರ ಚುಕ್ಕಿ. ಚುಕ್ಕಿಗೆ ಮೂರು ಬೈಟಿನಂತೆ ಒಂಬತ್ತು ಎಂಬಿಗೂ ಹೆಚ್ಚು. ಅದನ್ನು 1.2 ಎಂಬಿಗೆ ಇಳಿಸಿದ್ದೂ ಇದೇ ಡಿಸಿಟಿ, ಕ್ಯಾಮೆರಾದ ಒಳಗೇ. ಅಲ್ಲಿ ನಮಗ್ಯಾರಿಗೂ ಏನೂ ಕಳೆದಂತೆ ಕಾಣಲಿಲ್ಲ. ಆ ಚಿತ್ರದಲ್ಲಿ ಅಪ್ಪನ ಮುಖದ ಅಗಲಕ್ಕೆ ಇನ್ನೂರು ಚುಕ್ಕಿ ಇತ್ತು. ಅದನ್ನು ನಲವತ್ತಕ್ಕೆ ಇಳಿಸಿದವನು ನಾನು. ಇಪ್ಪತ್ತಾರರಲ್ಲಿ ಇಪ್ಪತ್ತೈದು ಪಾಲು ಬಿಸಾಡಿದ ಮೇಲೆ, ಉಳಿದದ್ದರ ಮೇಲೆ ಪಟ್ಟಿಯನ್ನೂ ಎಡಕ್ಕೆ ಎಳೆದೆ. ನಾಸಿರ್ ಅಹ್ಮದರ ಮೊರ ಬೇರ್ಪಡಿಸಿತು ಅಷ್ಟೇ. ಚೆಲ್ಲಿದ್ದು ನನ್ನ ಕೈ. ಅಷ್ಟೂ ಸಾಲದು ಅಂತ ಮೂಲವನ್ನು ಒಂದೇ ಒಂದು ಸಿಡಿಯಲ್ಲಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಆದರೆ ಇನ್ನೊಂದು ಮಾತೂ ಇದೆ. 1.2 ಎಂಬಿಯ ಫೋಟೋ ಎಲ್ಲೂ ಹೋಗಲಾರದೆ ಕಪಾಟಿನಲ್ಲಿ ಕೂತು ಸತ್ತಿತು. 9 ಕೆಬಿಯದ್ದು ಸಮುದ್ರ ದಾಟಿತು, ಬದುಕಿತು, ಬೇಕಾದಾಗ ವಾಪಸ್ಸು ಬಂತು. ಚಿಕ್ಕದಾಗಿದ್ದಕ್ಕೇ ಉಳಿಯಿತು. ಅವತ್ತು ನಾನು ಕುಗ್ಗಿಸದೇ ಇದ್ದಿದ್ದರೆ ಅಮ್ಮನಿಗೆ ಆ ನಗು ಇವತ್ತು ಇಲ್ಲವೇ ಇಲ್ಲ. ತಪ್ಪು ಕುಗ್ಗಿಸಿದ್ದರಲ್ಲಿ ಇರಲಿಲ್ಲ, ಕುಗ್ಗಿಸಿದ್ದೇ ಸಾಕು ಅಂದುಕೊಂಡದ್ದರಲ್ಲಿ ಇತ್ತು. ಕಳಿಸುವುದಕ್ಕೆ ಒಂದು ಪ್ರತಿ, ಇಟ್ಟುಕೊಳ್ಳುವುದಕ್ಕೆ ಮೂಲ, ಆ ಮೂಲ ಎರಡು ಜಾಗದಲ್ಲಿ. ಇಷ್ಟು ಕಲಿಯಲು ನನಗೆ ಅಪ್ಪನ ಮುಖ ಬೇಕಾಯಿತು. ಈಗಲೂ ವಾಟ್ಸಾಪಿನಲ್ಲಿ ಬಂದ ಮದುವೆ ಫೋಟೋಗಳನ್ನೇ ಮೂಲ ಅಂದುಕೊಂಡು ಇಟ್ಟುಕೊಳ್ಳುವವರನ್ನು ಕಂಡರೆ ತಡೆದು ಹೇಳುತ್ತೇನೆ, ಅದು ಕುಗ್ಗಿ ಬಂದದ್ದು ಮಾರಾಯ್ರೇ, ತೆಗೆದವರ ಹತ್ತಿರ ಪೂರ್ತಿ ಕಡತವನ್ನೇ ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ ಅಂತ.

ಹೋದ ಸಲ ಊರಿಗೆ ಹೋದಾಗ ಈ ಚೌಕಗಳ ಕಥೆಯನ್ನೆಲ್ಲ ಅಮ್ಮನಿಗೆ ಹೇಳಿದೆ. ಮೊರದ ಮಾತು ಬಂದಾಗ ಮಾತ್ರ ತಲೆಯಾಡಿಸಿದಳು. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಫೋಟೋ ಕಡೆ ನೋಡಿ, 'ಎಲ್ಲಿದ್ದೋ ಚೌಕ? ಚೆನ್ನಾಗೇ ಕಾಣ್ತಾರಲ್ಲ' ಅಂದಳು. ಕನ್ನಡಕ ಹಾಕಿರಲಿಲ್ಲ. ನಾನೂ ಹೋಗಿ ಅವಳ ಪಕ್ಕ ನಿಂತು ನೋಡಿದೆ. ಅಷ್ಟು ದೂರದಿಂದ ಚೌಕಗಳು ಒಂದರಲ್ಲೊಂದು ಕರಗಿಹೋಗುತ್ತವೆ. ಅಪ್ಪ ನಗುತ್ತಿದ್ದ.

ನಿಮ್ಮ ಕಪಾಟಿನಲ್ಲೂ ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದ ಸಿಡಿಗಳಿದ್ದರೆ ಈ ಭಾನುವಾರ ಒಮ್ಮೆ ತೆಗೆದು ನೋಡಿ. ಮುಂದಿನ ಭಾನುವಾರ ಅನ್ನಬೇಡಿ.